ಮಿಠಾಯಿ ಡಬ್ಬಿಗೆ ಬಲಿಯಾದ ಲಿಂಕ್

ನಾನು ವಡೋದರಾಕ್ಕೆ ಬಂದು ಆಗ ಎರಡನೆಯ ವರ್ಷ. ಅಲ್ಕಾಪುರಿಯಲ್ಲಿ, ಕನ್ನಡಕದ ಅಂಗಡಿಯೊಂದರ ಮೇಲಿದ್ದ ಸಣ್ಣ ಆಫೀಸಿನಲ್ಲಿ ಕೆಲಸ. ಅದೇನು ಕೆಲಸವೆಂದು ಹುಬ್ಬಳ್ಳಿಯಲ್ಲಿರುವ ಅವ್ವನಿಗೆ ಹೇಳಲು ಹಲವು ಸಲ ಪ್ರಯತ್ನಿಸಿದ್ದೆ.

"ಜನ ಇಂಟರ್ನೆಟ್ಟಿನ್ಯಾಗ ಏನರ ಹುಡುಕಿದ್ರ, ನಮ್ಮ ಗಿರಾಕಿ ಹೆಸರು ಮೊದಲ ಬರೂಹಂಗ ಮಾಡೂದವಾ."

"ಅಂದ್ರ ವಶೀಲಿ ಹಚ್ಚೂದು," ಎನ್ನುತ್ತಿದ್ದಳು ಅವ್ವ.

ತೀರಾ ತಪ್ಪೇನಲ್ಲ. ಬೇರೆಯವರ ವೆಬ್‌ಸೈಟಿನಲ್ಲಿ ನಮ್ಮ ಹೆಸರಿದ್ದು, ಅದನ್ನು ಒತ್ತಿದರೆ ನಮ್ಮ ಪುಟ ತೆರೆದುಕೊಂಡರೆ ಅದು ಲಿಂಕ್. ಸರ್ಚ್ ಎಂಜಿನ್ ಅದನ್ನು ಶಿಫಾರಸು ಎಂದು ತಿಳಿಯುತ್ತದೆ. ಶಿಫಾರಸು ಮಾಡಿದವರ ಯೋಗ್ಯತೆಯನ್ನೂ ನೋಡುತ್ತದೆ. ಆ ಯೋಗ್ಯತೆಯನ್ನು ಅಳೆದು ಹೇಳುವುದೇ ನನ್ನ ಕೆಲಸ.

ಆ ಚಳಿಗಾಲ ಊರಂಚಿನ ಕೈಗಾರಿಕಾ ಪ್ರದೇಶ ಮಕರಪುರದಿಂದ ಒಬ್ಬ ಹೊಸ ಗಿರಾಕಿ ಬಂದರು. ನೀರಿನ ಪಂಪು ಸೋರದಂತೆ ತಡೆಯುವ ಸೀಲ್ ತಯಾರಿಸುವ ಕಾರ್ಖಾನೆಯ ಮಾಲೀಕರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸೂರತ್‌ನ ಯಾರೋ ದಲ್ಲಾಳಿಯಿಂದ ಅವರು ಸಾವಿರಾರು ಲಿಂಕುಗಳನ್ನು ಸಗಟಾಗಿ ಕೊಂಡಿದ್ದರು. ಒಂದೆರಡು ತಿಂಗಳಲ್ಲೇ ಅವರ ವೆಬ್‌ಸೈಟ್ ಹುಡುಕಿದರೂ ಸಿಗದಷ್ಟು ಹಿಂದೆ ಹೋಗಿತ್ತು.

"ಇಷ್ಟು ಜನ ಹೊಗಳಿದ ಮೇಲೂ ಹಿಂದೆ ಹೇಗೆ ಹೋಯಿತು ಬೆನ್?" ಎಂದು ಹಿಂದಿಯಲ್ಲಿ ಕೇಳಿದರು. ಗುಜರಾತಿನಲ್ಲಿ ಹೆಂಗಸರನ್ನೆಲ್ಲ ಬೆನ್, ಅಂದರೆ ಅಕ್ಕ, ಎನ್ನುತ್ತಾರೆ.

ಅವರ ವೆಬ್‌ಸೈಟಿಗೆ ಬರುವ ಎಲ್ಲ ಲಿಂಕುಗಳ ಪಟ್ಟಿ ತೆರೆದು ತೋರಿಸಿದೆ. ಮೊಟ್ಟೆಯಿಲ್ಲದ ಕೇಕ್ ಮಾಡುವ ವಿಧಾನದ ನಡುವೆ ಕಾಕಾನ ಸೀಲ್. ನಾಯಿಮರಿಯ ಸ್ನಾನದ ಸಲಹೆಯಲ್ಲಿ ಕಾಕಾನ ಸೀಲ್. ಕನ್ಯಾರಾಶಿಯ ವಾರಭವಿಷ್ಯದ ಕೊನೆಯಲ್ಲೂ ಅದೇ.

"ನಾಯಿಗೆ ಸ್ನಾನ ಮಾಡಿಸುವವನಿಗೆ ಸೀಲ್ ಯಾಕೆ ಬೇಕು ಕಾಕಾ?"

"ನೀರು ಬೇಕಲ್ಲ!" ಎಂದವರು ತಾವೇ ನಕ್ಕುಬಿಟ್ಟರು.

ಒಂದು ವಾರ ಕೂತು ಪಟ್ಟಿಯನ್ನು ಜರಡಿ ಹಿಡಿದೆ. ಸಾಫ್ಟ್‌ವೇರ್ ಪ್ರತಿ ಲಿಂಕಿಗೂ ಅಂಕ ಕೊಡುತ್ತಿತ್ತು, ಕಡಿಮೆ ಅಂಕದ್ದನ್ನು ಕೆಂಪಾಗಿಸುತ್ತಿತ್ತು. ಮೊದಮೊದಲು ಒಂದೊಂದನ್ನೂ ತೆರೆದು ನೋಡಿದೆ. ಬರಬರುತ್ತಾ ಕೆಂಪು ಕಂಡದ್ದನ್ನೆಲ್ಲ ನೋಡದೆಯೇ ಕಸಕ್ಕೆ ತಳ್ಳಿದೆ. 'ಇವು ನಮಗೆ ಬೇಡ' ಎಂದು ಸರ್ಚ್ ಎಂಜಿನ್ನಿಗೆ ಕಳಿಸುವ ಪಟ್ಟಿ ತಯಾರಾಯಿತು. ಒಪ್ಪಿಗೆ ಕೊಡಲು ಬಂದ ಕಾಕಾ ಅದರ ಮೇಲೆ ಬೆರಳಾಡಿಸುತ್ತಾ ಒಂದು ಕಡೆ ನಿಂತರು.

"ಯೇ ಜಲೇಬಿ ಕಿಸನೇ ಬನಾಯೀ?"

ಜಲೇಬಿ ಮಾಡಿದ್ದು ಯಾರು ಎಂದು ಕೇಳಿದ್ದೇಕೆಂದು ಬಗ್ಗಿ ನೋಡಿದೆ. ದುಂಡಗಿನ ಕನ್ನಡ ಅಕ್ಷರಗಳು! ನನ್ನದೇ ಭಾಷೆಯ ಪುಟವನ್ನು ನಾನೇ ಕಸದ ಬುಟ್ಟಿಗೆ ಹಾಕಿದ್ದೆ. ಅಲ್ಲೇ ತೆರೆದು ಓದಿ, ಕಾಕಾನಿಗೆ ಹಿಂದಿಯಲ್ಲಿ ಹೇಳುತ್ತಾ ಹೋದೆ.

ಬರೆದವರು ಅಹಮದಾಬಾದಿನ ನಿವೃತ್ತ ಸಂಶೋಧಕರು, ಮೈಸೂರು ಕಡೆಯವರು. ಅವರ ವಸತಿ ಸೊಸೈಟಿಯ ಪಂಪ್ ಸೋರುತ್ತಿತ್ತಂತೆ. ಮೆಕ್ಯಾನಿಕ್ ಇಡೀ ಪಂಪನ್ನೇ ಬದಲಿಸಬೇಕೆಂದ. ಇವರು ಕೇಳದೆ, ತಾವೇ ಬಿಚ್ಚಿ, ಸೀಲ್ ತರಿಸಿ, ಕೂರಿಸಲು ಬಾರದೆ ಕಾರ್ಖಾನೆಗೆ ಫೋನ್ ಮಾಡಿದರು. 'ಮಾಲೀಕರೇ ಫೋನೆತ್ತಿ, ನನ್ನ ಕೈಹಿಡಿದು ಕೂರಿಸಿದಂತೆ ಹೇಳಿಕೊಟ್ಟರು' ಎಂದು ಬರೆದು, ಕಾರ್ಖಾನೆಯ ಹೆಸರಿಗೆ ಲಿಂಕ್ ಕೊಟ್ಟಿದ್ದರು.

"ಅರೇ, ಆ ಅಂಕಲ್!" ಕಾಕಾ ಕುರ್ಚಿಯಿಂದ ಎದ್ದೇಬಿಟ್ಟರು. "ಒಂದು ಗಂಟೆ ನನ್ನ ತಲೆ ತಿಂದರು. ಊಟ ತಣ್ಣಗಾಯಿತು!"

"ಇಡೀ ಪಟ್ಟಿಯಲ್ಲಿ ಬೆಲೆಬಾಳುವುದು ಇದೊಂದೇ ಕಾಕಾ. ಇವರು ಸೀಲ್ ಬಳಸಿದ್ದಾರೆ. ಯಾರೂ ಹೇಳಿ ಬರೆಸಿದ್ದಲ್ಲ."

ಆ ಪುಟವನ್ನು ಪಟ್ಟಿಯಿಂದ ತೆಗೆದು ಉಳಿದದ್ದನ್ನು ಕಳಿಸಿದೆ. ಕಾಕಾ ಖುಷಿಯಾಗಿ ಹೋದರು. ಆದರೆ ಖುಷಿಯಲ್ಲಿ ಸುಮ್ಮನಿರುವ ಮನುಷ್ಯರಲ್ಲ ಅವರು. ಹಿಂದೆ ಸೀಲ್ ಕಳಿಸಿದ್ದ ಕೊರಿಯರ್ ರಸೀದಿಯಲ್ಲಿ ಆ ಹಿರಿಯರ ವಿಳಾಸ ಹುಡುಕಿ, ನನ್ನನ್ನು ಕೇಳದೆ, ದೊಡ್ಡ ಡಬ್ಬಿಯಲ್ಲಿ ತುಪ್ಪ ಸುರಿಯುವ ಕಡಲೆಹಿಟ್ಟಿನ ಮಿಠಾಯಿ ಮೋಹನ್‌ಥಾಳ್ ಕಳಿಸಿಬಿಟ್ಟರು.

ಮುಂದಿನ ವಾರ ನೋಡಿದರೆ ಲಿಂಕೇ ಇಲ್ಲ! ಬರಹ ಇತ್ತು, ಕಾರ್ಖಾನೆಯ ಹೆಸರಿರಲಿಲ್ಲ. ಕೆಳಗೆ ಹೊಸದೊಂದು ಸಾಲು: 'ಕಾರ್ಖಾನೆಯವರು ಮಿಠಾಯಿ ಕಳಿಸಿದ್ದಾರೆ, ನಾನು ತಿಂದಿದ್ದೇನೆ. ಇನ್ನು ನನ್ನ ಹೊಗಳಿಕೆಯನ್ನು ಓದುಗರು ನಂಬಬೇಕಾಗಿಲ್ಲ.'

ಕಾಕಾ ತಲೆಯ ಮೇಲೆ ಕೈಹೊತ್ತು, "ನಿಮ್ಮ ಊರಿನವರು ಬೆನ್, ನೀವೇ ಮಾತಾಡಿ," ಎಂದರು. ಮೈಸೂರಿಗೂ ಹುಬ್ಬಳ್ಳಿಗೂ ಎಷ್ಟು ದೂರವೆಂದು ಅವರಿಗೆ ಹೇಳುವುದು ಹೇಗೆ? ಶನಿವಾರ ಬೆಳಗಿನ ರೈಲು ಹಿಡಿದು ಅಹಮದಾಬಾದಿಗೆ ಹೋದೆ.

ಹಿರಿಯರು ಬಾಗಿಲಲ್ಲೇ ಕನ್ನಡ ಕೇಳಿ ಅರಳಿದರು. ಚಿತ್ರಾನ್ನ ಬಡಿಸಿದರು. ಅವರ ಮೊಮ್ಮಗಳು ನನ್ನ ಮಾತು ಕೇಳಿ, "ತಾತಾ, ಯೇ ವಾಲಾ ಕನ್ನಡ ಅಲಗ್ ಹೈ," ಎಂದು, ನನ್ನ ಕನ್ನಡವೇ ಬೇರೆಯೆಂದು ಹಿಂದಿಯಲ್ಲಿ ಪಿಸುಗುಟ್ಟಿದಳು. ಊಟವಾದ ಮೇಲೆ ವಿಷಯಕ್ಕೆ ಬಂದೆ.

"ಅಂಕಲ್, ಅವ್ರು ಪ್ರೀತಿಲೆ ಕಳಿಸ್ಯಾರ್ರಿ. ಲಂಚ ಅಲ್ರಿ ಅದು."

"ಗೊತ್ತಮ್ಮ. ಆದ್ರೆ ಮೂರು ತುಂಡು ತಿಂದ್ಬಿಟ್ಟೆ ನಾನು. ಈಗ ಆ ಸೀಲ್ ನೆನೆಸ್ಕೊಂಡ್ರೆ ತುಪ್ಪದ ವಾಸನೆ ಬರತ್ತೆ. ಒಳ್ಳೆ ಸೀಲೋ, ಒಳ್ಳೆ ಮೋಹನ್‌ಥಾಳೋ, ನಂಗೇ ಖಾತ್ರಿ ಇಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅವರು ಗಂಭೀರವಾಗೇ ಇದ್ದರು. ಪುಟಗಳನ್ನು ಬರೀ ಅಂಕ ನೋಡಿ ಕಸಕ್ಕೆ ತಳ್ಳಿದ ನಾನು, ತಮ್ಮದೊಂದು ಸಾಲಿನ ಬಗ್ಗೆ ಇಷ್ಟು ಯೋಚಿಸುವವರ ಎದುರು ಇನ್ನೇನು ವಾದಿಸಲಿ?

"ಒಂದ್ ಕೆಲ್ಸ ಮಾಡ್ತೀನಿ," ಎಂದರು ಕೊನೆಗೆ. "ಸೀಲ್ ಮತ್ತೆ ಹೋದಾಗ ನಾನೇ ಕೊಂಡು ಹಾಕ್ತೀನಿ. ಚೆನ್ನಾಗಿದ್ರೆ ಹೆಸರು ಬರೀತೀನಿ. ಆಗ ಮಾತ್ರ ಏನೂ ಕಳಿಸ್ಬಾರ್ದು."

ಸೋಮವಾರ ಮಕರಪುರಕ್ಕೆ ಹೋಗಿ ಈ ಕರಾರನ್ನು ಒಪ್ಪಿಸಿದೆ. ಕಾಕಾ ಮೇಜಿನ ಮೇಲಿದ್ದ ಸೀಲೊಂದನ್ನು ಎತ್ತಿಕೊಂಡು, ಬಟ್ಟೆಯಿಂದ ಒರೆಸಿ, ತಿರುಗಿಸಿ ನೋಡಿದರು.

"ಬೆನ್, ಇದು ಅಷ್ಟು ಬೇಗ ಹೋಗುವುದಿಲ್ಲ." ದನಿಯಲ್ಲಿ ದುಃಖವೂ ಇತ್ತು, ಜಂಬವೂ ಇತ್ತು.

ಕಾಯುವ ಹೊತ್ತಿನಲ್ಲಿ, ಜನ ಫೋನಿನಲ್ಲಿ ಕೇಳುವ ಪ್ರಶ್ನೆಗಳಿಗೆಲ್ಲ ಅವರಿಂದ ಉತ್ತರ ಹೇಳಿಸಿ ವೆಬ್‌ಸೈಟಿಗೆ ಹಾಕಿದೆ. ಪಂಪ್ ರಿಪೇರಿ ಕಲಿಸುವ ಒಬ್ಬ ಮೇಷ್ಟ್ರು ಅದನ್ನು ಕಂಡು, ಯಾರೂ ಕೇಳದೆಯೇ, ತಮ್ಮ ಪಾಠದ ಪುಟದಿಂದ ಲಿಂಕ್ ಕೊಟ್ಟರು. ಕಾಣೆಯಾಗಿದ್ದ ಕಾರ್ಖಾನೆ ನಿಧಾನವಾಗಿ ಸರ್ಚ್ ಎಂಜಿನ್ನಿನ ಎರಡನೆಯ ಪುಟಕ್ಕೆ ಬಂತು. ಮೇಷ್ಟ್ರ ಸುದ್ದಿ ತಿಳಿಸಲು ನಾನು ಫೋನ್ ಮಾಡಿದಾಗ ಕಾಕಾ ಮೊದಲು ಕೇಳಿದ್ದು ಇಷ್ಟೇ:

"ಒಂದು ಥ್ಯಾಂಕ್ಯೂ ಆದರೂ ಹೇಳಬಹುದಾ ಬೆನ್, ಅಥವಾ ಅದೂ ಮಿಠಾಯಿಯಾಗುತ್ತದೆಯೇ?"