ನನ್ನ ಬೆಳಗಿನ ಶಿಸ್ತು

ಗಿರಿಜಾ, ಅಪ್ಪ ನಿನ್ನನ್ನು ಯಾವತ್ತೂ ದಡ್ಡಿ ಅಂದವನಲ್ಲ. ಆ ಮಾತು ನನ್ನದು — ನಾನೇ ಹುಟ್ಟಿಸಿ, ಅಪ್ಪ ಅಂದ ಅಂತ ನಿನಗೆ ಹೇಳಿದೆ.

ಆಗ ಪೇಟೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದು ಸಿ.ಎ. ಪರೀಕ್ಷೆಗೆ ಓದುತ್ತಿದ್ದೆ. ನನ್ನ ಅಡುಗೆಗೆಂದು ಅಪ್ಪ ನಮ್ಮೂರು ಸಾರಥಿಯಿಂದ ನಿನ್ನನ್ನು ಕಳಿಸಿದ್ದ. ಜ್ವರದಲ್ಲಿ ಬರೆದು ಪಿಯುಸಿಯಲ್ಲಿ ನಿನಗೆ ಗಣಿತವೊಂದು ಹೋಗಿತ್ತು. ನನ್ನ ದಿನಚರಿಯೋ, ಎಷ್ಟು ಚೆಂದ ನಡೆಯುತ್ತಿತ್ತು! ಬೆಳಕು ಹರಿಯುವ ಮುಂಚೆ ಏಳುವುದು, ಒಂದು ಸುತ್ತು ನಡೆದು ಬರುವುದು, ಬಂದರೆ ಬಿಸಿನೀರು, ಇಸ್ತ್ರಿಯಾದ ಅಂಗಿ, ತಟ್ಟೆಯಲ್ಲಿ ರೊಟ್ಟಿ. ಯಾವುದಕ್ಕೂ ಯೋಚಿಸಬೇಕಿರಲಿಲ್ಲ, ತಲೆಯೆಲ್ಲ ಕಷ್ಟದ ಲೆಕ್ಕಗಳಿಗೇ ಮೀಸಲು. ಇದನ್ನು ನನ್ನ ಶಿಸ್ತು ಎಂದುಕೊಂಡೆ. ನನಗಿಂತ ಮುಂಚೆ ಎದ್ದು ಒಲೆ ಹಚ್ಚುತ್ತಿದ್ದವಳು ನೀನು — ಛೆ, ಅದು ನನಗೆ ಹೊಳೆಯಲೇ ಇಲ್ಲ.

ಒಂದು ದಿನ ರೊಟ್ಟಿ ತಟ್ಟುತ್ತಲೇ, ನನ್ನ ಮುಖ ನೋಡದೆ ನೀನು ಕೇಳಿದೆ: "ಅಣ್ಣ, ಮುಂಜಾನೆ ಗಣಿತದ ಟ್ಯೂಷನ್ ಐತಂತೆ. ಹೋಗ್ಲಾ ಅಂತ ಅಪ್ಪನ್ನ ಒಂದ್ ಮಾತು ಕೇಳ್ತೀಯಾ?"

ಅಪ್ಪನೆದುರು ನಿಂತು ತಾವೇ ಕೇಳುವ ರೂಢಿ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇರಲಿಲ್ಲ. ಕೇಳುತ್ತೇನೆ ಅಂದೆ. ಆದರೆ ಮುಂಜಾನೆ — ನನ್ನ ಮುಂಜಾನೆ! ನೀರು ಯಾರು ಕಾಯಿಸುವುದು ಎಂಬುದೇ ನನಗೆ ಮೊದಲು ಬಂದ ಯೋಚನೆ.

ಊರಿಗೆ ಹೋದಾಗ ಅಪ್ಪನೇ ವಿಷಯ ತೆಗೆದ. ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದ. "ಗಿರಿಜಾನ್ನ ಮತ್ತೆ ಪರೀಕ್ಷೆಗೆ ಕೂಡ್ಸೋಣೇನೋ? ಆಕಿ ತಲೆ ನಿನಗಿಂತ ಚುರುಕೈತೆ."

"ಆಕೀಗೇ ಬ್ಯಾಡಂತಪ್ಪ," ಅಂದುಬಿಟ್ಟೆ.

ಅಪ್ಪ ಚೊಂಬು ಕೆಳಗಿಟ್ಟ. "ಹಂಗಾರೆ ಬಲವಂತ ಬ್ಯಾಡ ಬಿಡು," ಅಂದ.

ವಾಪಸ್ ಬಂದು ನಿನಗೆ ಹೇಳಿದೆ: "ಆ ದಡ್ಡೀಗೆ ಟ್ಯೂಷನ್ ಯಾಕ ಅಂದ ಅಪ್ಪ." ನೀನು ಅಳಲಿಲ್ಲ. "ಹೌದಾ," ಅಂದು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. ಮರುದಿನವೂ ನನ್ನ ನೀರು ಬಿಸಿಯಾಗೇ ಇತ್ತು.

ನಾನು ಪಾಸಾದೆ. ನಿನ್ನನ್ನು ಹರಿಹರಕ್ಕೆ ಕೊಟ್ಟರು. ತವರಿಗೆ ಬಂದರೂ ನೀನು ಅಪ್ಪನೊಂದಿಗೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದೆ. ಎಲ್ಲ ನೋಡುತ್ತ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ನಿನ್ನ ಮಗಳ ಶಾಲೆಯಲ್ಲಿ ನನ್ನದೇ ಭಾಷಣ. ಸಣ್ಣ ಕೆಲಸಗಳು ತಾವಾಗಿ ನಡೆಯುವಂತೆ ದಿನಚರಿ ಕಟ್ಟಿಕೊಳ್ಳಿ ಮಕ್ಕಳೇ, ಮನಸ್ಸು ದೊಡ್ಡ ಕೆಲಸಕ್ಕೆ ಸಿಗುತ್ತದೆ — ಏನು ಗತ್ತು ನನ್ನದು! ಹೊರಗೆ ಬಂದಾಗ ನೀನು ನಕ್ಕೆ. "ಚೆಂದ ಮಾತಾಡ್ದಿ ಬಿಡಣ್ಣ. ನಿನ್ ನೀರು ತಾನಾಗೇ ಕಾಯ್ತಿತ್ತು, ಅಲ್ಲಾ?" ಆಮೇಲೆ ನಗು ನಿಲ್ಲಿಸಿ, "ನನ್ ಮಗಳು ಗಣಿತದಾಗ ಭಾಳ ಚುರುಕು. ಅಪ್ಪ ನೋಡ್ಬೇಕಿತ್ತು. ನನ್ನಂತೂ ದಡ್ಡಿ ಅಂತ್ಲೇ ತಿಳ್ಕಂಡು ಹೋದ," ಅಂದೆ.

ಆಗಲೇ ಹೇಳಬಹುದಿತ್ತು. ಹೊತ್ತಾಯ್ತು ಅಂತ ಸ್ಕೂಟರ್ ಹತ್ತಿದೆ.

ಇನ್ನೊಂದಿದೆ, ಇದಕ್ಕಿಂತ ಕೆಟ್ಟದ್ದು. ಅಪ್ಪ ಹಾಸಿಗೆ ಹಿಡಿದಿದ್ದಾಗ ನೀನು ಬಂದು, ಸ್ವಲ್ಪ ಕೂತು, ಬಸ್ಸಿಗೆ ಹೊತ್ತಾಯ್ತೆಂದು ಎದ್ದು ಹೋದೆಯಲ್ಲ — ನೀನು ಹೋದ ಮೇಲೆ ಅಪ್ಪ ನನ್ನ ಕೈ ಹಿಡಿದುಕೊಂಡ. "ಆಕಿ ಯಾಕ ನನ್ ಜೊತೆ ಮಾತಾಡಲ್ಲೋ? ನಾನೇನಾರ ಅಂದ್ನೇನು ಆಕೀಗೆ?"

"ಏನೂ ಇಲ್ಲಪ್ಪ, ಮಲಕ್ಕೋ," ಅಂದೆ. ಹೊದಿಕೆ ಸರಿ ಮಾಡಿದೆ. ತಾನು ಆಡದ ಮಾತನ್ನು ನೆನಪು ಮಾಡಿಕೊಳ್ಳುತ್ತಲೇ ಅವನು ಹೋದ.

ಈಗಲೂ ನಾನು ಬೆಳಕು ಹರಿಯುವ ಮುಂಚೆ ಏಳುತ್ತೇನೆ. ನಡಿಗೆ, ಸ್ನಾನ, ಎಲ್ಲ ತಾವಾಗಿ ನಡೆಯುತ್ತವೆ, ತಲೆ ಬಿಡುವಾಗಿರುತ್ತದೆ. ಆ ಬಿಡುವಿನಲ್ಲಿ ಅಪ್ಪನ ಆ ಪ್ರಶ್ನೆಯೊಂದೇ...

ಭಾನುವಾರ ಹರಿಹರಕ್ಕೆ ಬಂದು, ನಿನ್ನೆದುರು ಕೂತು ಇದನ್ನೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಅಪ್ಪನ ಮೇಲಿನ ಸಿಟ್ಟನ್ನು ಬಿಟ್ಟುಬಿಡು ತಾಯಿ, ಅದು ನನಗೆ ಸೇರಬೇಕಾದದ್ದು.