ಸಾಕ್ಷಿಯ ಹೊಲಕ್ಕೆ ಮುಯ್ಯಾಳು

ಯುದ್ಧದ ಕಾಲದಲ್ಲಿ ಹಾನಗಲ್ಲಿನಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು ಇದ್ದಿಲಿನ ಹೊಗೆಯಿಂದ ನಡೆಯುತ್ತಿತ್ತು. ಏರು ಬಂದಲ್ಲಿ ಗಂಡಸರೆಲ್ಲ ಇಳಿದು ನೂಕಬೇಕು. ಬೆಳಗಿನ ಬಸ್ಸು ತಪ್ಪಿದರೆ ಧಾರವಾಡದ ಕಚೇರಿಯ ತಾರೀಕೂ ತಪ್ಪಿತೆಂದೇ ಅರ್ಥ. ಹಾಗಾಗಿ ನಮ್ಮ ಮನೆಯವರ ಪಕ್ಷಗಾರರು ಹಿಂದಿನ ದಿನ ಸಂಜೆಯೇ ಬಂದು ನಮ್ಮ ಪಡಸಾಲೆಯಲ್ಲಿ ಇಳಿದುಕೊಳ್ಳುತ್ತಿದ್ದರು. ವಕೀಲರ ಮನೆಗೆ ಸೊಸೆಯಾಗಿ ಬಂದ ನನಗೆ ಖಟ್ಲೆಗಳ ಸುದ್ದಿ ಮುಟ್ಟುತ್ತಿದ್ದದ್ದು ಅಡಿಗೆಮನೆಯ ಮೂಲಕ. ಎಷ್ಟು ರೊಟ್ಟಿ ಬಡಿಯಬೇಕೆಂದು ಕೇಳಿದರೆ ಸಾಕು, ನಾಳೆಯ ಖಟ್ಲೆ ಎಷ್ಟು ದೊಡ್ಡದೆಂದು ತಿಳಿಯುತ್ತಿತ್ತು.

ಒಂದು ಸಂಜೆ ಅಕ್ಕಿಆಲೂರಿನಿಂದ ಗಂಡಹೆಂಡಿರಿಬ್ಬರು ಬಂದರು. ಗಂಡ ಅಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಆಳಾಗಿದ್ದವನು. ಎಂಜಿನ್ನಿನ ಪಟ್ಟಾ ಕಳಚಿ ಬಿದ್ದಾಗ ಅದನ್ನು ಮತ್ತೆ ಗಾಲಿಗೆ ಏರಿಸಲು ಹೋಗಿ ಬಲಗೈಯನ್ನು ಮಣಿಕಟ್ಟಿನವರೆಗೆ ಕಳೆದುಕೊಂಡಿದ್ದ. ಕಟ್ಟಿದ್ದ ಧೋತರದ ತುಂಡನ್ನು ಯಾರೂ ನೋಡಬಾರದೆಂದು ಕೈಯನ್ನು ಕಂಬಳಿಯೊಳಗೇ ಇಟ್ಟುಕೊಂಡು ಕುಳಿತ. ಮಾತೆಲ್ಲ ಹೆಂಡತಿಯದು. ನನ್ನದೇ ವಯಸ್ಸಿನವಳು.

“ಯಪ್ಪಾ, ನಿಮ್ಮ ಫೀ ಎಷ್ಟ್ರಿ? ಮೊದಲ ಹೇಳಿಬಿಡ್ರಿ. ನಮ್ಮ ಕೈಲೆ ಆಗೂದಲ್ಲಂದ್ರ ಈಗ ಎದ್ದು ಊರಿಗೆ ಹೋಗ್ತೇವಿ” ಎಂದಳು.

“ಈಗ ಏನೂ ಬ್ಯಾಡ” ಎಂದರು ನಮ್ಮ ಮನೆಯವರು. “ಗೆದ್ದರ ಕಚೇರಿ ಸಾಹೇಬರು ಖರ್ಚು ಅಂತ ಗಿರಣಿಯವರ ಮ್ಯಾಲೆ ಒಂದಿಷ್ಟು ಬರೀತಾರ. ಅದ ನನ್ನ ಫೀ. ನಿಮ್ಮ ಪರಿಹಾರದ ರೊಕ್ಕ ನಾ ಮುಟ್ಟಂಗಿಲ್ಲ. ಸಾಲ ಕೊಟ್ಟಾವನೂ ಮುಟ್ಟಂಗಿಲ್ಲ. ಕಾಯ್ದೇನ ಹಂಗೈತಿ.”

“ಸೋತ್ರ?”

“ಸೋತ್ರ ನನಗ ನಿಮ್ಮ ಶಾಪ.”

“ಅದಕ್ಕೇನು ರೊಕ್ಕ ಬೀಳೂದಿಲ್ಲಲ್ರಿ. ಬೇಕಾದಷ್ಟು ಹಾಕ್ತೇನಿ ತಗೋರಿ” ಎಂದಳು. ಕಂಬಳಿಯೊಳಗಿನ ಗಂಡನೂ ನಕ್ಕ.

ಒಳಗೆ ನಮ್ಮ ಅತ್ತೆ ಮಾತ್ರ ನಗಲಿಲ್ಲ. “ಖಟ್ಲೆ ಗೆಲ್ಲೂ ಮಟ ಜ್ವಾಳದ ಚೀಲ ಯಾರು ತುಂಬತಾರಂತ?” ಎಂದು ನನ್ನನ್ನೇ ಕೇಳಿದರು. ಅದು ಹೊರಗೆ ಕೇಳಿಸಿತೋ ಏನೋ, ಮುಂದಿನ ತಾರೀಕಿಗೆ ಆಕೆ ಒಂದು ಗಂಟು ನುಚ್ಚಕ್ಕಿ ಹೊತ್ತುಕೊಂಡೇ ಬಂದಳು. ಊಟಕ್ಕೆ ತಮ್ಮ ಗಂಗಾಳಗಳನ್ನೂ ತಾವೇ ತರುತ್ತಿದ್ದರು. ಅವರ ಕೇರಿಯವರಿಗೆ ನಮ್ಮ ಗಂಗಾಳದಲ್ಲಿ ಬಡಿಸುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ನಾನೂ ಅದನ್ನು ಆಗ ಸಹಜವೆಂದೇ ನಡೆಸಿಕೊಂಡು ಬಂದಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಖಟ್ಲೆಯ ಗಂಟು ಇದ್ದದ್ದು ಒಂದೇ ಕಡೆ. ಎಂಜಿನ್ನು ನಿಲ್ಲಿಸಿ ಪಟ್ಟಾ ಏರಿಸೆಂದು ಹೇಳಿದ್ದೆವು, ಇವನೇ ಮಾತು ಮೀರಿ ಕೈ ಹಾಕಿದ ಎಂದು ಗಿರಣಿ ಸಾಹುಕಾರ ಬರೆದುಕೊಟ್ಟಿದ್ದ. ಅದೇ ಖರೆಯಾದರೆ ಒಂದು ಬಿಡಿಗಾಸೂ ಸಿಗುವುದಿಲ್ಲ. ಆದರೆ ಎಂಜಿನ್ನು ನೋಡಿಕೊಳ್ಳುವವನು ಅಲ್ಲೇ ನಿಂತಿದ್ದ. “ಎಂಜಿನ್ ನಿಂದರಸಬ್ಯಾಡ, ಹಂಗ ಏರಿಸು” ಎಂದು ಗಿರಣಿಯ ಕಾರಭಾರ ನೋಡುವ ದಿವಾನಜಿ ಕೂಗಿದ್ದನ್ನು ಅವನು ಕಿವಿಯಾರೆ ಕೇಳಿದ್ದ. ಒಂದು ಸಂಜೆ ಆ ಗಂಡಹೆಂಡಿರ ಜೊತೆ ಅವನೂ ಗುಟ್ಟಾಗಿ ನಮ್ಮ ಮನೆಗೆ ಬಂದು ನಡೆದದ್ದನ್ನು ಹೇಳಿ, ಉಂಡು ಹೋದ.

ಅದಾದ ನಾಲ್ಕು ದಿನಕ್ಕೆ ಅಕ್ಕಿಆಲೂರಿನಲ್ಲಿ ನಮ್ಮ ತವರಿನ ಕಡೆಯವಳೊಬ್ಬಳ ಕುಬುಸ. ಬಸುರಿಗೆ ಉಡಿ ತುಂಬಿ, ಹೆಂಗಸರೆಲ್ಲ ಹೋಳಿಗೆಗೆ ತುಪ್ಪ ಹಾಕಿಕೊಂಡು ಕುಳಿತಿದ್ದೆವು. ಪಕ್ಕದಲ್ಲಿದ್ದ ಹೆಂಗಸು ಅಕ್ಕರೆಯಿಂದ ಕೇಳಿದಳು.

“ಏನವಾ, ನಿಮ್ಮ ಮನ್ಯಾಗ ಭಾಳ ಮಂದಿ ಉಣ್ಣಾಕ ಇರ್ತಾರಂತಲ್ಲ. ದಣಿಯೂದಿಲ್ಲೇನು?”

“ದಣಿದೇ ಇರ್ತೇನೇನವ್ವಾ. ಮೊನ್ನೆ ನೋಡು, ನಮ್ಮ ಮಂದಿ ಬಿಟ್ಟು ಮ್ಯಾಲೆ ಮೂವರಿಗೆ ರೊಟ್ಟಿ ಬಡದೆ. ಆ ಕೈ ಹೋದಾವ, ಅವನ ಹೆಂಡ್ತಿ, ಮತ್ತ ಆ ಎಂಜಿನ್ನಿನಾವ.”

ಆಕೆ ಗಿರಣಿ ಸಾಹುಕಾರನ ತಮ್ಮನ ಹೆಂಡತಿ ಎಂದು ನನಗೆ ತಿಳಿದದ್ದು ಕೈತೊಳೆಯುವಾಗ. ವಾರದೊಳಗೆ ಎಂಜಿನ್ನಿನವನನ್ನು ಕೆಲಸದಿಂದ ತೆಗೆದರು. ಅವನು ಹೆಂಡತಿಯನ್ನು ಕರೆದುಕೊಂಡು ಅವಳ ತವರಿಗೆ, ಸವಣೂರು ಸಂಸ್ಥಾನದ ಒಂದು ಹಳ್ಳಿಗೆ, ಹೊರಟುಹೋದ.

ನಮ್ಮ ಮನೆಯವರಿಗೆ ನಾನೇ ಹೇಳಿದೆ. ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. “ಸವಣೂರು ನವಾಬರ ರಾಜ್ಯ. ನಮ್ಮ ಸಮನ್ಸು ಅಲ್ಲಿ ಮುಟ್ಟಾಕ ಎರಡು ದರಬಾರು ದಾಟಬೇಕು. ತಾರೀಕಿಗೆ ಇನ್ನ ಹದಿನೈದ ದಿನ ಐತಿ. ಅವನಾಗಿ ಬಂದರ ಬಂದ” ಎಂದರು.

“ಏನರ ಕೊಟ್ಟು ಕರಸ್ರೆಲ್ಲ?”

“ಹುಚ್ಚಿ, ರೊಕ್ಕ ಕೊಟ್ಟರ ಕೊಂಡ ಸಾಕ್ಷಿ ಅಂತಾರ.”

ಎರಡು ದಿನ ಬಿಟ್ಟು ಅವರು ಬೇರೆ ಖಟ್ಲೆಗೆ ಹಾವೇರಿಗೆ ಹೋದಾಗ, ಅಕ್ಕಿಆಲೂರಿಗೆ ಹೇಳಿಕಳಿಸಿ ಕೈ ಹೋದವನ ಹೆಂಡತಿಯನ್ನು ಕರೆಸಿಕೊಂಡೆ. ಹುಲಗೂರಿನ ದರ್ಗಾಕ್ಕೆ ಹರಕೆ ಇದೆ ಎಂದು ಅತ್ತೆಗೆ ಹೇಳಿ ಇಬ್ಬರೂ ಹೊರಟೆವು. ಶಿಗ್ಗಾವಿಯಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿ ತಂಗಿ, ನಸುಕಿನಲ್ಲೇ ಅವರದೇ ಚಕ್ಕಡಿ ಹೂಡಿಸಿಕೊಂಡೆವು. ಹೇಳಿದ ಮಾತು ಸುಳ್ಳಾಗಬಾರದೆಂದು ಹುಲಗೂರಿನಲ್ಲಿ ಇಳಿದು ಮುಲ್ಲಾನಿಂದ ಸಕ್ಕರೆ ಓದಿಸಿಯೇ ಮುಂದೆ ಹೋದದ್ದು. ಆ ಸಕ್ಕರೆಯನ್ನು ದಾರಿಯುದ್ದಕ್ಕೂ ಇಬ್ಬರೂ ಚಿಟಿಕೆ ಚಿಟಿಕೆಯಾಗಿ ತಿಂದೆವು.

ಎಂಜಿನ್ನಿನವನು ಹೆಂಡತಿಯೊಡನೆ ಹತ್ತಿ ಹೊಲದಲ್ಲಿದ್ದ. ನಮ್ಮನ್ನು ಕಂಡದ್ದೇ ಉಡಿಯ ಹತ್ತಿಯನ್ನು ನೆಲಕ್ಕೆ ಸುರಿದು ನಿಂತ.

“ಮತ್ಯಾಕ ಬಂದ್ರಿ? ನಿಮ್ಮ ಮನೀಗೆ ಒಂದ ಸಲ ಬಂದಿದ್ದಕ್ಕ ಕೆಲಸ ಹ್ವಾತು. ಇಲ್ಲಿ ಹತ್ತಿ ಒಡದು ನೆಲಕ್ಕ ಬೀಳಾಕತ್ತೈತಿ. ಧಾರವಾಡಕ್ಕ ಹೋಗಿ ಬರೂದಂದ್ರ ಮೂರು ದಿನ. ಯಾರು ಬಿಡಸ್ತಾರ ಇದನ್ನ? ನಿಮ್ಮ ವಕೀಲ ಬಂದು ಬಿಡಸ್ತಾನ?”

“ವಕೀಲ ಯಾಕೋ ಯಪ್ಪಾ, ನಾ ಇದ್ದೇನಲ್ಲ” ಎಂದಳು ಆಕೆ. “ಮುಯ್ಯಾಳು ಅಂತ ಹಿಡಿ. ನೀ ಮೂರು ದಿನ ನಮಗ ಬಾ. ನಾ ಮೂರು ದಿನ ನಿಮಗ.”

ನಮ್ಮ ಕಡೆ ಹೊಲದ ಕೆಲಸಕ್ಕೆ ಕೂಲಿ ಕೊಡಲಾಗದವರು ಹೀಗೆ ಮಾಡುವುದುಂಟು. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ದಿನಕ್ಕೆ ದಿನ ತೀರಿತು. ಅದಕ್ಕೇ ಮುಯ್ಯಿ ಎನ್ನುವುದು. ಆದರೆ ಕಚೇರಿಯ ಸಾಕ್ಷಿಗೆ ಮುಯ್ಯಿ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವನು ಬಗ್ಗಿ, ಸುರಿದ ಹತ್ತಿಯನ್ನು ಮತ್ತೆ ಉಡಿಗೆ ತುಂಬತೊಡಗಿದ. ನನಗೆ ತಡೆಯಲಾಗಲಿಲ್ಲ. “ನಿನ್ನ ಕೆಲಸ ಹೋಗಿದ್ದು ನನ್ನ ಬಾಯಿಂದ” ಎಂದು ಕುಬುಸದ ಸುದ್ದಿಯನ್ನೆಲ್ಲ ಹೇಳಿಬಿಟ್ಟೆ. ಆಕೆಗೂ ಅದು ಗೊತ್ತಿರಲಿಲ್ಲ. ದಾರಿಯಲ್ಲಿ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಸಕ್ಕರೆ ಹಾಕಿಕೊಂಡಿದ್ದೆ.

“ಹೌದೇನ್ರಿ ಅಕ್ಕಾರ?” ಎಂದು ಆಕೆ ನನ್ನ ಮುಖವನ್ನೇ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು, “ಹಂಗಾರ ಮೂರರಾಗ ಒಂದು ದಿನ ನಿಮ್ಮ ಪಾಲು. ಉಡಿ ಕಟ್ರಿ” ಎಂದಳು.

ನಾನು ಹಿರೇಕೆರೂರ ಕಡೆಯ ಒಕ್ಕಲ ಮನೆಯ ಮಗಳು. ಚಿಕ್ಕಂದಿನಲ್ಲಿ ಬೇಕಾದಷ್ಟು ಹತ್ತಿ ಬಿಡಿಸಿದ್ದೆ. ಆದರೆ ಕೈ ಮರೆತುಬಿಟ್ಟಿತ್ತು. ಒಣಗಿದ ಕಾಯಿಯ ತುದಿ ಉಗುರ ಸಂದಿಗೆ ಚುಚ್ಚುತ್ತಿತ್ತು. ಅವರಿಬ್ಬರೂ ಎರಡು ಸಾಲು ಮುಗಿಸಿದರೆ ನಾನಿನ್ನೂ ಒಂದರ ನಡುವೆ. ಎಂಜಿನ್ನಿನವನ ಹೆಂಡತಿ ಹಿಂತಿರುಗಿ ನೋಡಿ, “ವಕೀಲರ ಹೆಂಡ್ತಿ ಒಂದೊಂದ ಕಾಯಿಗೂ ನೋಟೀಸು ಕೊಟ್ಟು ಬಿಡಸಾಕತ್ತಾಳ!” ಎಂದಳು. ಹೊಲವೆಲ್ಲ ನಗು. ಮಧ್ಯಾಹ್ನ ಬದುವಿನ ಮೇಲೆ ಕುಳಿತು, ನನ್ನ ಜೊತೆ ಬಂದಾಕೆ ಮುರಿದುಕೊಟ್ಟ ರೊಟ್ಟಿ, ಹಸಿ ಉಳ್ಳಾಗಡ್ಡಿ, ಗುರೆಳ್ಳ ಚಟ್ನಿ ತಿಂದೆ. ಗಂಗಾಳದ ಮಾತೇ ಬರಲಿಲ್ಲ. ಹತ್ತಿ ಹೊಲದ ಆ ಬಿಸಿಲು, ಸೆರಗಿನ ತುಂಬ ಬೆಚ್ಚಗಿನ ಹತ್ತಿ, ಈಗ ನೆನೆದರೂ ಹಿತವೆನಿಸುತ್ತದೆ.

ಸಂಜೆ ನಾನು ಹೊರಟೆ. ಆಕೆ ತನ್ನ ಪಾಲಿನ ಎರಡನೆಯ ದಿನಕ್ಕೆ ಅಲ್ಲೇ ಉಳಿದಳು. ಇದನ್ನು ಮಾತ್ರ ನಮ್ಮ ಮನೆಯವರಿಗೆ ಹೇಳಲಿಲ್ಲ.

ತಾರೀಕಿಗೆ ಎಂಜಿನ್ನಿನವನು ಬಂದ. ಅಂದಿನ ಕಚೇರಿಯ ಸಂಗತಿಯನ್ನು ಮೊದಲು ಹೇಳಿದವಳು ಆಕೆ. ಆಮೇಲೆ ನಮ್ಮ ಮನೆಯವರೂ ಎಷ್ಟೋ ವರ್ಷ ಹೇಳಿ ಹೇಳಿ ನಕ್ಕಿದ್ದಾರೆ. ದಿವಾನಜಿ ಕೂಗಿದ ಮಾತನ್ನು ಅವನು ಇದ್ದದ್ದು ಇದ್ದಂತೆಯೇ ಹೇಳಿದ. ಗಿರಣಿಯ ವಕೀಲರು ಎದ್ದು ನಿಂತರು.

“ಇಷ್ಟು ದೂರ ಸುಮ್ನ ಬಂದಿಲ್ಲ. ನಿನಗ ಏನು ಸಿಕ್ಕೈತಿ, ಖರೆ ಹೇಳು.”

“ಮುಯ್ಯಿ ಸಿಕ್ಕೈತ್ರಿ.”

“ಯಾರಿಂದ?”

“ಈ ಕೈ ಹೋದಾವನ ಹೆಂಡ್ತಿ ಎರಡು ದಿನ ಹತ್ತಿ ಬಿಡಸ್ಯಾಳ್ರಿ. ವಕೀಲರ ಹೆಂಡ್ತಿ ಒಂದು ದಿನ.”

ನಮ್ಮ ಮನೆಯವರು ಕೈಯಲ್ಲಿದ್ದ ಕಾಗದದಿಂದ ತಲೆಯನ್ನೇ ಎತ್ತಲಿಲ್ಲವಂತೆ. ಸಾಹೇಬರು ಹೊರಗಿನ ಸೀಮೆಯವರು. ಮುಯ್ಯಿ ಎಂದರೇನೆಂದು ಕಾರಕೂನನಿಂದ ಕೇಳಿ ತಿಳಿದುಕೊಂಡರು. ಆಮೇಲೆ ಸಾಕ್ಷಿಯನ್ನೇ ಕೇಳಿದರು. “ಇಲ್ಲಿಗೆ ಬಂದು ಹೋಗಾಕ ನಿನಗ ಎಷ್ಟು ದಿನ ಹೋತು?”

“ಮೂರು ದಿನಾರಿ.”

“ಸಿಕ್ಕಿದ್ದು ಮೂರು. ಬರೋಬರಿ ಆತಲ್ಲ?”

“ಇಲ್ರಿ ಸಾಹೇಬ್ರ, ಎರಡೂವರಿ. ವಕೀಲರ ಹೆಂಡ್ತೀದು ಅರ್ಧ ದಿನಾನ ಹಿಡೀಬೇಕ್ರಿ. ಭಾಳ ಸಾವಕಾಶ.”

ಕಚೇರಿಯಲ್ಲಿ ಜವಾನನವರೆಗೆ ಎಲ್ಲರೂ ನಕ್ಕರಂತೆ. ಸಾಹೇಬರು ನಗಲಿಲ್ಲ. ಅರ್ಧ ದಿನ ನುಕ್ಸಾನ ಮಾಡಿಕೊಂಡು ಬಂದವನನ್ನು ಕೊಂಡ ಸಾಕ್ಷಿ ಎನ್ನಲಾಗುವುದಿಲ್ಲ ಎಂದು ಬರೆದುಕೊಂಡರು.

ಕೆಲವು ವಾರಗಳ ಮೇಲೆ ತೀರ್ಪು ಬಂತು. ಗಿರಣಿಯವರು ಪರಿಹಾರ ಕೊಡತಕ್ಕದ್ದು. ಆದರೆ ವಕೀಲರ ಮನೆಯವರು ಸಾಕ್ಷಿಯ ಹೊಲಕ್ಕೆ ಹೋದದ್ದು ಸರಿಯಲ್ಲವಾದ್ದರಿಂದ ಖರ್ಚು ಅವರವರದು ಅವರವರಿಗೇ. ಎಂದರೆ ನಮ್ಮ ಮನೆಯವರ ಫೀ ಇಲ್ಲವೇ ಇಲ್ಲ.

ಅಂದು ಧಾರವಾಡದಿಂದ ಬಂದವರು ಕೈಕಾಲು ತೊಳೆದು, ಉಂಡು, ಎಲೆ ಅಡಿಕೆ ಹಾಕಿಕೊಂಡ ಮೇಲೆ ನನ್ನನ್ನು ಕರೆದರು. “ನೀ ಒಂದು ದಿನ ಹತ್ತಿ ಬಿಡಸಿದ್ದಕ್ಕ ನಾ ಒಂದು ವರ್ಷ ನಡಸಿದ ಖಟ್ಲೆದ ಫೀ ಹೋತು, ಗೊತ್ತೈತೇನು?”

“ಒಂದು ದಿನ ಅಲ್ಲಂತಲ್ರಿ” ಎಂದೆ. ನಕ್ಕುಬಿಟ್ಟರು.

ದುಡ್ಡು ಕೈಗೆ ಬಂದ ದಿನ ಗಂಡಹೆಂಡಿರಿಬ್ಬರೂ ನೆಟ್ಟಗೆ ನಮ್ಮ ಮನೆಗೆ ಬಂದರು. ಎರಡು ಎಮ್ಮೆ ಕೊಂಡು ಹಾಲಿನ ವ್ಯಾಪಾರ ಹಿಡಿಯುವ ವಿಚಾರವಿತ್ತು. ಆಕೆ ವಸ್ತ್ರದ ಗಂಟು ಬಿಚ್ಚಿ ಪಡಸಾಲೆಯಲ್ಲಿ ಇಟ್ಟಳು. “ಸಾಹೇಬರು ನಿಮ್ಮದು ಬರೀಲಿಲ್ಲ. ನೀವ ತಗೋರಿ, ಎಷ್ಟು ಬೇಕೋ ಅಷ್ಟು.”

“ಮೊದಲ ದಿನಾನ ಹೇಳೇನಿ. ಅದನ್ನ ನಾ ಮುಟ್ಟಂಗಿಲ್ಲ. ಕಟ್ಟಿಕೋರಿ.”

“ಒಂದೀಟರ...”

“ಕಟ್ಟಿಕೋರಿ ಅಂದ್ನೆಲ್ಲ.”

ಆಕೆ ಗಂಟಿಗೆ ಕೈ ಚಾಚಿದಳು. ಅಷ್ಟರಲ್ಲಿ ಗಂಡ ಕಂಬಳಿ ಸರಿಸಿ ಮುಂದೆ ಬಗ್ಗಿದ. ವಸ್ತ್ರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಿಂದ ಸುತ್ತಿ ಎಳೆದ. ಜಾರಿತು. ಮತ್ತೆ ಸುತ್ತಿದ. ಆಕೆ ಚಾಚಿದ ಕೈ ಹಿಂದೆಗೆದುಕೊಂಡಳು. ಮೂರನೆಯ ಸಲಕ್ಕೆ ಅವನು ಆ ಗಂಟನ್ನು ಬಿಗಿಯಾಗಿ ಕಟ್ಟಿ ಮುಗಿಸಿ, ಹೆಂಡತಿಯ ಉಡಿಗೆ ಇಟ್ಟ.