ದಡ ನನ್ನದು, ನೀರು ಅವನದು

ಹಲಸೂರು ಕೆರೆಯ ಆ ಬೋಟ್ ಎಂಜಿನ್ನನ್ನ ನಾನು ಎಂದೋ ಕ್ಷಮಿಸಿಬಿಟ್ಟಿದೀನಿ. ಬೋಟ್ ಓಡಿಸ್ತಿದ್ದವನನ್ನ ಕ್ಷಮಿಸಿಲ್ಲ. ವಯಸ್ಸಾದ ಹಾಗೆ ಸಿಟ್ಟು ಇಳಿಯುತ್ತೆ ಅಂತಾರಲ್ಲ, ಬರೀ ಸುಳ್ಳು. ಈಗಲೂ ನೆನೆಸ್ಕೊಂಡ್ರೆ ಮೈಯೆಲ್ಲ ಉರಿಯುತ್ತೆ.

ತೊಂಬತ್ತರ ದಶಕದ ಕೊನೆ. ಕೆರೆಯಲ್ಲಿ ಬೋಟ್ ಓಡಿಸೋ ಗುತ್ತಿಗೆ ಹಿಡಿದಿದ್ದ ಒಬ್ಬರ ಹತ್ತಿರ ನಾನು ಮೆಕ್ಯಾನಿಕ್. ರಾಯಚೂರು ಕಡೆಯಿಂದ ಬಂದವನು, ಕಗ್ಗದಾಸಪುರದಲ್ಲಿ ಒಂದು ಬಾಡಿಗೆ ರೂಮು, ಅದರಲ್ಲಿ ನಾನು, ಹೆಂಡತಿ, ಮಗಳು. ಮಗಳನ್ನ ಆ ವರ್ಷ ತಾನೇ ಸ್ಕೂಲಿಗೆ ಸೇರಿಸಿದ್ವಿ. ಪೆಡಲ್ ಬೋಟುಗಳ ಚೈನಿಗೆ ಗ್ರೀಸ್ ಹಾಕೋಕೆ ಮೆಕ್ಯಾನಿಕ್ ಯಾಕೆ ಬೇಕು ಹೇಳಿ? ನನ್ನ ಅನ್ನ ಇದ್ದದ್ದು ಅಲ್ಲಿದ್ದ ಒಂದೇ ಒಂದು ಮೋಟಾರ್ ಬೋಟಿನಲ್ಲಿ.

ಅದನ್ನ ಓಡಿಸ್ತಿದ್ದವನು ಜೋಗುಪಾಳ್ಯದವನು, ನನಗಿಂತ ದೊಡ್ಡವನು. ನಾನು ಅಣ್ಣ ಅಂತಿದ್ದೆ, ಅವನು ನನ್ನನ್ನ "ಏ ರಾಯಚೂರು" ಅಂತಿದ್ದ. ನಾನು ತಂದ ಜೋಳದ ರೊಟ್ಟಿ ಅವನಿಗೆ, ಅವನ ಮನೆಯ ಚಿತ್ರಾನ್ನ ನನಗೆ. ಈ ಊರಲ್ಲಿ ನನ್ನ ಹೆಂಡತಿಗೆ ಆಸ್ಪತ್ರೆ ತೋರಿಸಿದವನೂ ಅವನೇ. ಅಂಥವನನ್ನ ನಂಬದೆ ಇನ್ಯಾರನ್ನ ನಂಬಲಿ?

ನಮ್ಮಿಬ್ಬರ ಮಧ್ಯೆ ಒಂದು ಕಟ್ಟುಪಾಡಿತ್ತು. ನೀರಿನ ಮೇಲೆ ಇರೋವರೆಗೂ ಬೋಟು ಅವನದು, ನಾನು ಕೈ ಹಾಕೋ ಹಾಗಿಲ್ಲ. ಬೋಟಿನ ಹಿಂಬದಿಗೆ ತಗುಲಿಹಾಕೋ ಆ ಎಂಜಿನ್ ಬಿಚ್ಚಿ ಶೆಡ್ಡಿಗೆ ಬಂತೋ, ಅದು ನನ್ನದು, ಅವನು ಮುಟ್ಟೋ ಹಾಗಿಲ್ಲ. ಪೆಟ್ರೋಲ್ ಟ್ಯಾಂಕ್ ಅವನ ಜವಾಬ್ದಾರಿ. ಅದನ್ನ ಅವನೇ ತುಂಬಿಸ್ತಿದ್ದ, ಅವನೇ ಬೀಗ ಹಾಕಿ ಇಡ್ತಿದ್ದ. ಶೆಡ್ಡಲ್ಲಿ ಎಂಜಿನ್ನನ್ನ ನೀರು ತುಂಬಿದ ಡ್ರಮ್ಮಿಗೆ ಸಿಕ್ಕಿಸಿ ನನ್ನದೇ ಕ್ಯಾನಿನ ಪೆಟ್ರೋಲಿನಲ್ಲಿ ಓಡಿಸಿ ನೋಡ್ತಿದ್ದೆ. ಈ ಪದ್ಧತಿಯಿಂದ ನಮ್ಮಿಬ್ಬರಿಗೂ ಯಾವತ್ತೂ ಜಗಳ ಬಂದಿರಲಿಲ್ಲ.

ಬೇಸಿಗೆ ರಜೆ ಶುರುವಾಗೋ ಹೊತ್ತಿಗೆ ಎಂಜಿನ್ನಿಗೆ ಕಾಯಿಲೆ ಹತ್ಕೊಳ್ತು. ಬೋಟು ನಿಧಾನಕ್ಕೆ ಹೋದ್ರೆ ಬೆಣ್ಣೆ ಹಾಗೆ ಓಡುತ್ತೆ, ಫುಲ್ ಸ್ಪೀಡ್ ಕೊಟ್ಟು ಸ್ವಲ್ಪ ದೂರ ಹೋಗೋದ್ರೊಳಗೆ ಕೆಮ್ಮಿ ಕೆಮ್ಮಿ ನಿಂತುಬಿಡುತ್ತೆ. ಮೋಟಾರ್ ಬೋಟ್ ಹತ್ತೋರು ಹತ್ತೋದೇ ಆ ಸ್ಪೀಡಿಗೆ. ಕೆರೆ ಮಧ್ಯೆ ಜೊಂಡಿನ ಪಕ್ಕ ನಿಂತು ಮಕ್ಕಳು ಅಳೋದು, ಹೆಂಗಸರು ಬೈಯೋದು, ಪೆಡಲ್ ಬೋಟಿನವರು ಹೋಗಿ ಹಗ್ಗ ಕಟ್ಟಿ ಎಳ್ಕೊಂಡು ಬರೋದು. ದಡದಲ್ಲಿ ನಿಂತ ಮಾಲೀಕರು ಬೋಟನ್ನ ನೋಡ್ತಿರಲಿಲ್ಲ, ನನ್ನನ್ನೇ ನೋಡ್ತಿದ್ರು.

ಮೊದಲ ದಿನವೇ ನಾನು ಕೇಳಿದ್ದು ಒಂದೇ ಪ್ರಶ್ನೆ. ಟ್ಯಾಂಕಿನ ಮುಚ್ಚಳದ ಮೇಲೆ ಚಿಕ್ಕದೊಂದು ಗಾಳಿ ಸ್ಕ್ರೂ ಇರುತ್ತೆ. ಓಡಿಸುವಾಗ ಅದನ್ನ ಸಡಿಲ ಮಾಡಬೇಕು. ಒಳಗೆ ಗಾಳಿ ಹೋಗದಿದ್ರೆ ಪೆಟ್ರೋಲ್ ಹೊರಗೆ ಬರಲ್ಲ. ನಿಧಾನಕ್ಕಾದ್ರೆ ಹೇಗೋ ಎಳ್ಕೊಂಡು ಹೋಗುತ್ತೆ, ಫುಲ್ ಕೊಟ್ರೆ ಎಂಜಿನ್ನಿಗೆ ಹೊಟ್ಟೆಗೆ ಸಾಲದೆ ನಿಲ್ಲುತ್ತೆ.

"ಅಣ್ಣಾ, ಗಾಳಿ ಸ್ಕ್ರೂ ತೆಗೀತಿದೀಯ ತಾನೆ?"

"ಏ, ತಲೆ ಕೆಟ್ಟಿದ್ಯಾ ನಿಂಗೆ? ನನ್ನ ಮಗಳಾಣೆ ಕಣೋ, ಅದನ್ನ ಮರೀತೀನಾ?"

ಮಗಳ ಮೇಲೆ ಆಣೆ ಇಟ್ಟ ಮೇಲೆ ಇನ್ನೇನು ಕೇಳೋದು. ಆ ಮಾತು ಅಲ್ಲಿಗೇ ಬಿಟ್ಟೆ.

ಆಮೇಲೆ ಶುರುವಾಯ್ತು ನೋಡಿ ನನ್ನ ಪಾಡು. ಪ್ಲಗ್ ಬದಲಾಯಿಸಿದೆ. ಫಿಲ್ಟರ್ ಬದಲಾಯಿಸಿದೆ. ಕಾರ್ಬೊರೇಟರ್ ಬಿಚ್ಚಿ ಜೆಟ್ಟಿನ ಸಣ್ಣ ತೂತಿನೊಳಕ್ಕೆ ಊದಿ ಊದಿ ಬಾಯೆಲ್ಲ ಪೆಟ್ರೋಲ್ ವಾಸನೆ; ಹೆಂಡತಿ ಪಕ್ಕಕ್ಕೆ ಬರಬೇಡ ಅಂದ್ಲು. ಪಂಪಿನೊಳಗಿನ ರಬ್ಬರ್ ಹಾಳೆ ಹೊಸದು ಹಾಕಿದೆ. ಪ್ರತಿ ಸಲ ಡ್ರಮ್ಮಿನಲ್ಲಿ ಎಂಜಿನ್ ಹುಲಿ ಹಾಗೆ ಗರ್ಜಿಸೋದು. ಪ್ರತಿ ಸಲ ನೀರಿಗೆ ಹೋಗಿ ನಿಲ್ಲೋದು. ಅವನು ಒದ್ದೆ ಪ್ಯಾಂಟಲ್ಲಿ ವಾಪಸ್ ಬಂದು "ಇಲ್ಲ ಕಣೋ, ಇವತ್ತೂ ಕೈ ಕೊಡ್ತು" ಅಂತ ನನ್ನ ಬೆನ್ನು ಸವರೋನು. ಥೂ, ಆ ಸವರಿದ ಕೈ ನೆನೆಸ್ಕೊಂಡ್ರೆ!

ಕೊನೆಗೆ ಮಾಲೀಕರು ಕರೆದು ಹೇಳಿಬಿಟ್ರು. "ಭಾನುವಾರದೊಳಗೆ ಸರಿಯಾಗದಿದ್ರೆ ಬೇರೆ ಮೆಕ್ಯಾನಿಕ್ ಬರ್ತಾನೆ. ನೀನು ನಿನ್ನ ದಾರಿ ನೋಡ್ಕೋ." ಬಸ್ಸಲ್ಲಿ ಮನೆಗೆ ಹೋಗುವಾಗ ಕಣ್ಣಲ್ಲಿ ನೀರು ಬಂತು. ಮಗಳ ಮುಂದೆ ಹೇಗೋ ನಕ್ಕೆ.

ಮಾರನೇ ದಿನ ಶಿವಾಜಿನಗರಕ್ಕೆ ಹೋದೆ. ಅಲ್ಲಿ ಹಳೇ ಎಂಜಿನ್ ಸಾಮಾನು ಮಾರೋ ಚಾಚಾ ಒಬ್ಬರು ನನಗೆ ಪರಿಚಯ. ಇನ್ನೊಂದು ಪಂಪ್ ಕೇಳಿದ್ದಕ್ಕೆ ರೇಗಿದ್ರು. "ಅರೆ ಭಾಯ್, ನನ್ನ ಅಂಗಡಿ ಎಲ್ಲ ತಗೊಂಡು ಹೋಗ್ತೀಯ ಏನು? ಡ್ರಮ್ಮಲ್ಲಿ ಓಡುತ್ತೆ, ನೀರಲ್ಲಿ ನಿಲ್ಲುತ್ತೆ ಅಂತೀಯ. ನೀನು ಒಂದು ಸಲ ಆದ್ರೂ ಬೋಟಲ್ಲಿ ಕೂತು ನೋಡಿದೀಯ?"

ಕೂತಿರಲಿಲ್ಲ. ಕಟ್ಟುಪಾಡು!

ಅವತ್ತೇ ಮಧ್ಯಾಹ್ನ ಬೋಟ್ ಹತ್ತಿದೆ. "ಏ ರಾಯಚೂರು, ನಿಂಗ್ಯಾಕೆ ಈ ಕೆಲ್ಸ?" ಅಂತ ಅವನು ನಕ್ಕ. ಆದರೆ ಮುಖ ಬಿಳಿಚಿಕೊಂಡಿತ್ತು. ಬಿಸಿಲಿಗೆ ಇರಬೇಕು ಅಂದ್ಕೊಂಡೆ. ನಡುಗಡ್ಡೆ ದಾಟಿದ ಮೇಲೆ ಫುಲ್ ಕೊಡು ಅಂದೆ. ಕೊಟ್ಟ. ಬೋಟು ಮೂತಿ ಎತ್ತಿ ಓಡ್ತು, ಸ್ವಲ್ಪ ದೂರ ಹೋಗಿ ಕೆಮ್ಮೋಕೆ ಶುರುವಾಯ್ತು. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗೋ ಪೈಪಿನ ಮಧ್ಯೆ ಅಮುಕೋ ರಬ್ಬರ್ ಬುರುಡೆ ಒಂದಿರುತ್ತೆ. ಮುಟ್ಟಿ ನೋಡಿದೆ. ಹೊಟ್ಟೆ ಒಳಕ್ಕೆ ಎಳ್ಕೊಂಡು ಚಪ್ಪಟೆಯಾಗಿತ್ತು.

ಟ್ಯಾಂಕಿನ ಮುಚ್ಚಳದ ಮೇಲೆ ಅವನ ಒದ್ದೆ ಟವೆಲ್ ಹಾಸಿತ್ತು. ಎತ್ತಿದೆ. ಸ್ಕ್ರೂ ಬಿಗಿಯಾಗಿತ್ತು. ತಿರುಗಿಸಿದ ಕೂಡಲೇ ಗಾಳಿ ಸುಯ್ಯಂತ ಒಳಗೆ ನುಗ್ತು.

ಬಾಯಿಗೆ ಬಂದ ಹಾಗೆ ಬೈದೆ, ಅವನ ಅಪ್ಪ ಅಮ್ಮನನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ಕೂತ. "ಕಣ್ಣು ಕಾಣ್ಸಲ್ಲ ಕಣೋ," ಅಂದ. "ದೂರದ್ದೆಲ್ಲ ಮಂಜು ಮಂಜು. ಫುಲ್ ಸ್ಪೀಡಲ್ಲಿ ಎದುರಿಗೆ ಪೆಡಲ್ ಬೋಟ್ ಬಂದ್ರೆ ಗೊತ್ತಾಗೋದೇ ಇಲ್ಲ. ಮಕ್ಕಳಿರ್ತಾವೆ. ಹೇಳಿದ್ರೆ ನನ್ನ ತೆಗೆದುಹಾಕ್ತಾರೆ. ಎಂಜಿನ್ ನಿಂತ್ರೆ ಯಾರೂ ನನ್ನ ಕೇಳಲ್ಲ ಅಂತ..."

"ನನ್ನ ಕೇಳ್ತಾರಲ್ಲೋ ಪಾಪಿ!"

ಅತ್ತ. ದೊಡ್ಡ ಗಂಡಸೊಬ್ಬ ಹಾಗೆ ಬಿಕ್ಕಿದ್ದನ್ನ ನಾನು ನೋಡಿರಲಿಲ್ಲ. ಭಾನುವಾರ ಆದ ಮೇಲೆ ನಾನೇ ಮಾಲೀಕರ ಹತ್ತಿರ ಹೋಗಿ ನನ್ನನ್ನ ಟಿಕೆಟ್ ಕೌಂಟರಿಗೆ ಹಾಕಿ ಅಂತ ಕೇಳ್ಕೋತೀನಿ, ಈಗ ನನ್ನ ಮಾನ ಉಳಿಸು ಅಂದ. ಸರಿ, ಕಾರ್ಬೊರೇಟರಲ್ಲಿ ಕಸ ಇತ್ತು ಅಂತ ಹೇಳೋಣ ಅಂತ ನಾನೇ ಅಂದೆ. ವಾಪಸ್ ಬರುವಾಗ ನಾನೇ ಹ್ಯಾಂಡಲ್ ಹಿಡಿದು ಫುಲ್ ಸ್ಪೀಡಲ್ಲಿ ತಂದೆ, ದಡದ ಹತ್ತಿರ ಅವನ ಕೈಗೆ ಕೊಟ್ಟೆ.

ಮಾಲೀಕರು ಮೆಟ್ಟಿಲ ಮೇಲೆ ನಿಂತಿದ್ರು. "ಏನಾಗಿತ್ತಯ್ಯಾ?"

"ಕಾರ್ಬೊರೇಟರಲ್ಲಿ ಕಸ ಸಾರ್. ತೆಗೆದೆ. ಇನ್ನು ತೊಂದ್ರೆ ಇಲ್ಲ."

ಅವರು ಅವನ ಕಡೆ ತಿರುಗಿದ್ರು. "ಹೌದಾ?"

"ಹೌದು ಸಾರ್," ಅಂದ ಅವನು. "ನಾನು ಮೊದಲ ದಿನದಿಂದ ಬಡ್ಕೊಂಡೆ, ಕಸ ಇದೆ ನೋಡೋ ಅಂತ. ನನ್ನ ಮಾತು ಎಲ್ಲಿ ಕೇಳ್ತಾನೆ? ಇವತ್ತು ಕೂರಿಸ್ಕೊಂಡು ತೋರಿಸಿದ ಮೇಲೆ ಒಪ್ಕೊಂಡ."

ನನ್ನ ಕಿವಿಯನ್ನ ನಾನೇ ನಂಬಲಿಲ್ಲ. ಇನ್ನೂ ಕಣ್ಣೀರು ಒಣಗಿರದ ಮುಖ ಅದು. ಮಾಲೀಕರ ಕಣ್ಣು ಕೆಂಪಾಯ್ತು. ಇಷ್ಟು ದಿನ ವ್ಯಾಪಾರ ಕೆಟ್ಟಿದ್ದು ನಿನ್ನ ಸೋಮಾರಿತನಕ್ಕಾ ಅಂದ್ರು. ಆಗ ನಾನು ತಡ್ಕೊಳ್ಳೋಕೆ ಆಗದೆ ಕಿರುಚಿದೆ. ಸ್ಕ್ರೂ ಬಿಗಿ ಮಾಡ್ತಿದ್ದ ಸಾರ್, ಕಣ್ಣು ಕಾಣಲ್ಲ ಅವನಿಗೆ, ಬೇಕಾದ್ರೆ ಪರೀಕ್ಷೆ ಮಾಡಿ.

"ಈಗ ತಾನೇ ಕಸ ಅಂದೆ. ಈಗ ಸ್ಕ್ರೂ ಅಂತೀಯ," ಅಂದ್ರು. ಆದರೂ ನ್ಯಾಯವಂತ ಮನುಷ್ಯ, ಕೆರೆ ಕಡೆ ಕೈ ತೋರಿಸಿದ್ರು. ನಡುಗಡ್ಡೆಯ ಮೇಲೊಂದು ಬೋರ್ಡಿತ್ತು. "ಅದನ್ನ ಓದು ನೋಡೋಣ."

ಅವನು ಕಣ್ಣು ಕಿರಿದು ಮಾಡಲೂ ಇಲ್ಲ, ಗಟ್ಟಿಯಾಗಿ ಓದಿದ. "ಇಲ್ಲಿ ಬೋಟ್ ನಿಲ್ಲಿಸಬಾರದು. ನೀರಿಗೆ ಇಳಿಯಬಾರದು."

ಮಾಲೀಕರು ನನ್ನ ಕಡೆ ಕೈ ಚಾಚಿ ಶೆಡ್ಡಿನ ಬೀಗದ ಕೈ ಕೇಳಿದ್ರು.

ಆ ಬೋರ್ಡನ್ನ ನಿಲ್ಲಿಸಿದ್ದು ನಾವಿಬ್ಬರೇ. ಗುಂಡಿ ತೋಡಿದ್ದು ನಾನು, ಅಕ್ಷರ ಬರೆದಿದ್ದು ಅವನು.